ವಾದ್ಯ ಕಂಪೆನಿಯ ದಾನ ಮತ್ತು ದಾನದ ಲೆಕ್ಕ

ಸಂಗೀತವಾದ್ಯಗಳಿಗೆ ಬೇಡಿಕೆಯಿಲ್ಲದ ತಿಂಗಳು ಕಂಕನಾಡಿಯ ಪರಿಸರದಲ್ಲಿ ಇಲ್ಲವೆಂದೇ ಹೇಳಬೇಕು. ಇಗರ್ಜಿಯ ಗಾಯನವೃಂದಕ್ಕೆ ಕೀಬೋರ್ಡ್ ಬೇಕು; ಭಜನಾ ಮಂಡಳಿಗೆ ಹಾರ್ಮೋನಿಯಂ, ತಬಲಾ, ತಾಳ ಬೇಕು; ಶಾಲೆಯ ವಾರ್ಷಿಕೋತ್ಸವಕ್ಕೆ ಬ್ಯಾಂಡ್ ಸೆಟ್ ಬೇಕು. ಬೇಡಿಕೆಯಿರುವೆಡೆ ಮಾರಾಟವಿರುತ್ತದೆ, ಅದರ ಜೊತೆಯಲ್ಲಿಯೇ ವಿನಂತಿಪತ್ರವೂ ಬರುತ್ತದೆ. "ತಾವು ದೊಡ್ಡ ಮನಸ್ಸು ಮಾಡಿ ನಮ್ಮ ಶಾಲೆಗೊಂದು ಹಾರ್ಮೋನಿಯಂ ಕೊಡಿಸಬೇಕು" ಎಂಬ ಪತ್ರವನ್ನು ಕಾಣದ ವಾದ್ಯ ವ್ಯಾಪಾರಿಯಿಲ್ಲ. ವ್ಯಾಪಾರಿಯೂ ಕೊಡುತ್ತಾನೆ. ಕೊಟ್ಟದ್ದು ದಾಸ್ತಾನಿನಿಂದ ಹೋಯಿತೋ, ಮಾಲೀಕನ ಖಾಸಗಿ ಖಾತೆಯಿಂದ ಹೋಯಿತೋ, ಜಾಹೀರಾತಿನ ಖರ್ಚೋ, ದಾನವೋ ಎಂಬ ಪ್ರಶ್ನೆ ಮಾರ್ಚ್ ತಿಂಗಳಲ್ಲಿ ಮಾತ್ರ ಏಳುತ್ತದೆ. ಅಷ್ಟರಲ್ಲಿ ಆ ಹಾರ್ಮೋನಿಯಂ ಒಂದು ಮಳೆಗಾಲವನ್ನು ಕಳೆದು, ತಿದಿಯಲ್ಲಿ ಗಾಳಿ ಸೋರಿ, ಎರಡು ಮೂರು ಸ್ವರಗಳನ್ನು ಕಳೆದುಕೊಂಡು ಶಾಲೆಯ ಕಪಾಟಿನ ಮೇಲೇರಿರುವುದೂ ಉಂಟು.

ಉದ್ಯಮವು ದಾನ ಮಾಡಬೇಕೇ ಎಂಬುದು ಇಲ್ಲಿ ಚರ್ಚೆಯ ವಿಷಯವಲ್ಲ. ನಮ್ಮ ಜಿಲ್ಲೆಯ ಉದ್ಯಮಿಗಳು ಆ ವಿಷಯದಲ್ಲಿ ಯಾರಿಂದಲೂ ಪಾಠ ಕಲಿಯಬೇಕಾಗಿಲ್ಲ. ಕೊಟ್ಟದ್ದು ಹೇಗೆ ಉಳಿಯುತ್ತದೆ, ಕೊಡುವ ಸಂಸ್ಥೆಯೇ ಕಷ್ಟಕ್ಕೆ ಸಿಲುಕಿದಾಗ ಧರ್ಮಕಾರ್ಯದ ಗತಿಯೇನು ಎಂಬುದು ಮಾತ್ರ ವಿಚಾರಾರ್ಹವಾದುದು. ಇದಕ್ಕೆ ಒಂದು ಸಂಗೀತವಾದ್ಯ ಕಂಪೆನಿಯ ಅನುಭವವು ಬಹಳ ಉಪಯುಕ್ತವಾದ ಉದಾಹರಣೆಯಾಗಿದೆ. ಅಮೆರಿಕದ ಆ ಕಂಪೆನಿಯ ಕಡೆಗೆ ಹೋಗುವ ಮೊದಲು ಕಂಕನಾಡಿಯಲ್ಲಿಯೇ ಇರುವ ಒಂದು ಹಳೆಯ ಲೆಕ್ಕವನ್ನು ನೆನೆಯುವುದು ಸೂಕ್ತ.

ಜರ್ಮನಿಯ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. 1880ರಿಂದ ಹೋಮಿಯೋಪಥಿ ಔಷಧಗಳನ್ನು ಬಡವರಿಗೆ ಹಂಚತೊಡಗಿದರು. ಕಂಕನಾಡಿಯಲ್ಲಿ 1890ರಲ್ಲಿ ಕುಷ್ಠರೋಗಿಗಳ ಆಶ್ರಯಧಾಮವೂ 1902ರಲ್ಲಿ ಪ್ಲೇಗ್ ಆಸ್ಪತ್ರೆಯೂ ಆರಂಭವಾದವು. 1910ರಲ್ಲಿ ಅವರು ತೀರಿಕೊಂಡರು. ಇಂದಿನ ಫಾದರ್ ಮುಲ್ಲರ್ ಸಂಸ್ಥೆಗಳ ಈ ಮೂಲವು ಊರಿನವರಿಗೆಲ್ಲ ತಿಳಿದದ್ದೇ. ಆದರೆ ವ್ಯಾಪಾರಿಗಳು ಗಮನಿಸಬೇಕಾದ ಅಂಶ ಬೇರೆ. ಬಡವರಿಗೆ ಉಚಿತವಾಗಿ ಕೊಡುತ್ತಿದ್ದ ಔಷಧವನ್ನೇ ಕೊಳ್ಳಬಲ್ಲವರಿಗೆ ಬೆಲೆಗೆ ಮಾರಲಾಗುತ್ತಿತ್ತು. ದೂರದೂರದ ಊರುಗಳಿಗೆ ಅಂಚೆಯ ಮೂಲಕ ಹೋಗುತ್ತಿತ್ತು. ಆ ಮಾರಾಟದ ಆದಾಯವು ಆಶ್ರಯಧಾಮದ ಕಡೆಗೆ ಹರಿಯುತ್ತಿತ್ತು. ಹೋಮಿಯೋಪಥಿಯ ಗುಣಾವಗುಣಗಳು ವೈದ್ಯರ ಚರ್ಚೆಗೆ ಬಿಟ್ಟದ್ದು. ವ್ಯವಹಾರದ ದೃಷ್ಟಿಯಿಂದ ಹೇಳುವುದಾದರೆ, ಮಾರಾಟವೊಂದರ ಉತ್ಪತ್ತಿಯನ್ನು ನಿರ್ದಿಷ್ಟ ಧರ್ಮಕಾರ್ಯಕ್ಕೆ ಕಟ್ಟಿಹಾಕಿದ ಏರ್ಪಾಡು ಅದು. ಸ್ಥಾಪಕನು ಕಾಲವಾಗಿ ಶತಮಾನ ಕಳೆದರೂ ಸಂಸ್ಥೆ ನಿಂತಿದೆ.

ಚಂಡಮಾರುತ ಮತ್ತು ಗಿಟಾರ್

ಇದೇ ತತ್ತ್ವವು ನೂರು ವರ್ಷಗಳ ನಂತರ ಗಿಬ್ಸನ್ ಎಂಬ ಗಿಟಾರ್ ಕಂಪೆನಿಯಲ್ಲಿ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. ಆರ್ವಿಲ್ ಗಿಬ್ಸನ್ ಎಂಬ ಕುಶಲಕರ್ಮಿಯ ಹೆಸರಿನಲ್ಲಿ 1902ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿ ಸ್ಥಾಪಿತವಾದ ಈ ಕಂಪೆನಿಯು ಮುಂದೆ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರಕ್ಕೆ ಸ್ಥಳಾಂತರಗೊಂಡಿತು. ನಷ್ಟದಲ್ಲಿ ಮುಳುಗುತ್ತಿದ್ದ ಅದನ್ನು 1986ರಲ್ಲಿ ಹೆನ್ರಿ ಜಸ್ಕೆವಿಚ್ ಮತ್ತು ಅವರ ಪಾಲುದಾರರು ಸುಮಾರು 50 ಲಕ್ಷ ಡಾಲರಿಗೆ ಕೊಂಡು ಮೇಲೆತ್ತಿದರು. 2002ರಲ್ಲಿ ಕಂಪೆನಿಯ ಧರ್ಮಕಾರ್ಯಗಳಿಗಾಗಿ ಗಿಬ್ಸನ್ ಫೌಂಡೇಶನ್ ಎಂಬ ಪ್ರತ್ಯೇಕ ಲಾಭರಹಿತ ಸಂಸ್ಥೆಯನ್ನು ರಚಿಸಲಾಯಿತು.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತವು ಅಮೆರಿಕದ ದಕ್ಷಿಣ ಕರಾವಳಿಗೆ ಅಪ್ಪಳಿಸಿತು. ಒಡ್ಡುಗಳು ಒಡೆದು ನ್ಯೂ ಆರ್ಲಿಯನ್ಸ್ ನಗರದ ಸುಮಾರು ಶೇಕಡಾ 80 ಭಾಗ ನೀರಿನಡಿ ಸೇರಿತು. ಜಾಜ್ ಸಂಗೀತದ ತವರೆಂದು ಹೆಸರಾದ ಆ ನಗರದಲ್ಲಿ ಸಂಗೀತವು ಹವ್ಯಾಸವಷ್ಟೇ ಅಲ್ಲ, ಸಾವಿರಾರು ಕುಟುಂಬಗಳ ದಿನನಿತ್ಯದ ಸಂಪಾದನೆ. ಮನೆಯೊಡನೆ ಪಿಯಾನೊ, ತುತ್ತೂರಿ, ಡ್ರಮ್, ಗಿಟಾರ್‌ಗಳೂ ಕೊಚ್ಚಿಹೋದವು. ಸರಕಾರದ ಪರಿಹಾರಗಳು ಅನ್ನ, ನೀರು, ವಸತಿಗಳನ್ನು ನೋಡಿಕೊಂಡಾವು. ವಾದ್ಯವನ್ನು ನೋಡಿಕೊಳ್ಳುವವರು ಯಾರು?

ಅದೇ ವರ್ಷ ನವೆಂಬರ್ ತಿಂಗಳಲ್ಲಿ ಯೂಟೂ ತಂಡದ ಗಿಟಾರ್ ವಾದಕ ದಿ ಎಡ್ಜ್, ಧ್ವನಿಮುದ್ರಣ ನಿರ್ಮಾಪಕ ಬಾಬ್ ಎಜ್ರಿನ್ ಮತ್ತು ಗಿಬ್ಸನ್ ಮುಖ್ಯಸ್ಥ ಜಸ್ಕೆವಿಚ್ ಸೇರಿ ಮ್ಯೂಸಿಕ್ ರೈಸಿಂಗ್ ಎಂಬ ನಿಧಿಯನ್ನು ಆರಂಭಿಸಿದರು. ವಾದ್ಯಗಳ ಚಿಲ್ಲರೆ ಮಾರಾಟ ಸಂಸ್ಥೆಯಾದ ಗಿಟಾರ್ ಸೆಂಟರ್‌ನ ಧರ್ಮಸಂಸ್ಥೆಯೂ ಸಂಗೀತಗಾರರ ಕ್ಷೇಮನಿಧಿಯಾದ ಮ್ಯೂಸಿಕೇರ್ಸ್ ಕೂಡ ಇದರಲ್ಲಿ ಕೈಜೋಡಿಸಿದವು. ಮೊದಲ ಹಂತದಲ್ಲಿ ವೃತ್ತಿನಿರತ ಸಂಗೀತಗಾರರಿಗೆ ಕಳೆದುಹೋದ ವಾದ್ಯದ ಬದಲು ವಾದ್ಯ. ಅನಂತರ ಶಾಲೆಗಳಿಗೆ, ಇಗರ್ಜಿಗಳಿಗೆ. ಈ ಕ್ರಮದಲ್ಲಿ ಒಂದು ವಿವೇಕವಿದೆ. ಮೀನುಗಾರನಿಗೆ ಬಲೆ, ದರ್ಜಿಗೆ ಹೊಲಿಗೆಯಂತ್ರವಿದ್ದಂತೆ ವಾದಕನಿಗೆ ವಾದ್ಯವು ಉತ್ಪಾದನಾ ಸಾಧನ. ಅದನ್ನು ಮರಳಿ ಕೊಟ್ಟರೆ ಮರುವಾರದಿಂದಲೇ ಆತ ದುಡಿಯಬಲ್ಲ. ನಗದು ಪರಿಹಾರವು ಬಾಡಿಗೆಗೆ, ಔಷಧಿಗೆ ಕರಗಿಹೋಗುತ್ತದೆ; ವಾದ್ಯವು ದುಡಿಮೆಯನ್ನು ಮರಳಿ ತರುತ್ತದೆ. ವಾದ್ಯ ಕಂಪೆನಿಯೊಂದು ಕಂಬಳಿ ಹಂಚುವುದರ ಬದಲು ತನಗೆ ಚೆನ್ನಾಗಿ ತಿಳಿದಿರುವ, ಸಗಟು ದರದಲ್ಲಿ ದೊರೆಯುವ, ಗುಣಮಟ್ಟದ ಖಾತರಿ ಕೊಡಬಲ್ಲ ವಸ್ತುವನ್ನೇ ಕೊಟ್ಟದ್ದು ಲೆಕ್ಕದ ದೃಷ್ಟಿಯಿಂದಲೂ ಮಿತವ್ಯಯವೇ. 2010ರ ಮೇ ತಿಂಗಳಲ್ಲಿ ಕಂಪೆನಿಯ ಸ್ವಂತ ಊರಾದ ನ್ಯಾಶ್‌ವಿಲ್ ಪ್ರವಾಹಕ್ಕೆ ತುತ್ತಾಗಿ ವಾದಕರ ದಾಸ್ತಾನು ಮಳಿಗೆಗಳು ಮುಳುಗಿದಾಗಲೂ ಇದೇ ನಿಧಿ ನೆರವಿಗೆ ಬಂದಿತು.

ಹಣ ಬಂದ ಬಗೆಯೂ ಗಮನಾರ್ಹ. ಗಿಬ್ಸನ್ ತನ್ನ ಪ್ರಸಿದ್ಧ ಲೆಸ್ ಪಾಲ್ ಮಾದರಿಯಲ್ಲಿ ಮ್ಯೂಸಿಕ್ ರೈಸಿಂಗ್ ಹೆಸರಿನ ಗಿಟಾರ್‌ಗಳನ್ನು ಸೀಮಿತ ಸಂಖ್ಯೆಯಲ್ಲಿ ತಯಾರಿಸಿತು. ಅವುಗಳ ಮಾರಾಟದ ಉತ್ಪತ್ತಿ ನಿಧಿಗೆ ಸಲ್ಲತಕ್ಕದ್ದೆಂದು ಮೊದಲೇ ಘೋಷಿಸಲಾಗಿತ್ತು. 2007ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಹರಾಜಿನಲ್ಲಿ ದಿ ಎಡ್ಜ್ ತನ್ನ ಸ್ವಂತ ಲೆಸ್ ಪಾಲ್ ಗಿಟಾರನ್ನೇ ಇಟ್ಟನು. ಅದೊಂದಕ್ಕೇ 2 ಲಕ್ಷ ಡಾಲರ್‌ಗೂ ಮೀರಿದ ಬೆಲೆ ಬಂದಿತು.

ಬಿಲ್ಲಿನಲ್ಲಿ ಸೇರಿದ ಧರ್ಮ

ವಸ್ತುವಿನ ಬೆಲೆಯೊಳಗೆ ಧರ್ಮದ ಪಾಲನ್ನು ಸೇರಿಸುವುದು ಪಾಶ್ಚಾತ್ಯರು ಕಂಡುಹಿಡಿದ ಹೊಸ ಮಾರುಕಟ್ಟೆ ತಂತ್ರವೆಂದು ಭಾವಿಸುವವರಿದ್ದಾರೆ. ನಮ್ಮ ಹಳೆಯ ಮಂಡಿಗಳ ಲೆಕ್ಕಪುಸ್ತಕಗಳನ್ನು ಬಲ್ಲ ಹಿರಿಯರು ಈ ಮಾತಿಗೆ ನಗುತ್ತಾರೆ. ಬಿಲ್ಲಿನ ಕೆಳಗೆ ಧರ್ಮಾದಾಯವೆಂದು ಕೆಲವು ಪೈಸೆಗಳನ್ನು ಸೇರಿಸಿ, ಅದನ್ನು ಬೇರೆ ಖಾತೆಗೆ ಜಮೆ ಮಾಡಿ, ಛತ್ರ, ಗೋಶಾಲೆ, ಅನ್ನದಾನಗಳಿಗೆ ವಿನಿಯೋಗಿಸುವ ಪದ್ಧತಿ ದೇಶದ ವ್ಯಾಪಾರಿ ಸಮುದಾಯಗಳಲ್ಲಿ ಬಹುಕಾಲದಿಂದ ಇತ್ತು. ಹೀಗೆ ಸಂಗ್ರಹಿಸಿದ ಹಣವು ವ್ಯಾಪಾರಿಯ ಆದಾಯವೇ, ಅದರ ಮೇಲೆ ಆದಾಯ ತೆರಿಗೆ ಬೀಳುತ್ತದೆಯೇ ಎಂಬ ಪ್ರಶ್ನೆ ಬಿಜ್ಲಿ ಕಾಟನ್ ಮಿಲ್ಸ್ ಎಂಬ ನೂಲಿನ ಗಿರಣಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನ್ಯಾಯಾಲಯವು ಕೊಟ್ಟ ತೀರ್ಪು ಪ್ರತಿಯೊಬ್ಬ ವ್ಯಾಪಾರಿಯೂ ತಿಳಿದಿರತಕ್ಕದ್ದು. ಧರ್ಮಾದಾಯವೆಂದು ವಸೂಲು ಮಾಡಿದ ಮೊತ್ತವು ಆರಂಭದಿಂದಲೇ ಧರ್ಮಕ್ಕೆ ಮೀಸಲಾದದ್ದು; ವ್ಯಾಪಾರಿಯು ಅದನ್ನು ಕೇವಲ ಹೊಣೆಗಾರನಾಗಿ ಹಿಡಿದಿರುತ್ತಾನೆ; ಆದ್ದರಿಂದ ಅದು ವ್ಯಾಪಾರದ ಆದಾಯವಲ್ಲ ಎಂಬುದು ಅದರ ಸಾರ.

ಈ ತೀರ್ಪಿನ ಒಳತಿರುಳು ಒಂದೇ ಶಬ್ದದಲ್ಲಿದೆ: ಮೀಸಲು. ವ್ಯಾಪಾರಿಯು ವರ್ಷಾಂತ್ಯದಲ್ಲಿ ಲಾಭವನ್ನು ನೋಡಿಕೊಂಡು ಕೊಡುವ ದಾನಕ್ಕೂ, ಕೈಗೆ ಬಂದ ಕ್ಷಣದಿಂದಲೇ ತನ್ನದಲ್ಲವೆಂದು ಬೇರೆಯಿಟ್ಟ ಹಣಕ್ಕೂ ಕಾನೂನಿನಲ್ಲಿ ಅಜಗಜಾಂತರವಿದೆ. ಧರ್ಮಾದಾಯದ ಹಣವನ್ನು ಸಾದಿಲ್ವಾರು ಖರ್ಚಿಗೆ ಬಳಸಿಕೊಂಡು, ಮುಂದೆ ಯಾವಾಗಲೋ ತುಂಬಿಕೊಡುವೆನೆಂದು ಹೇಳುವವನು ಈ ರಕ್ಷಣೆಯನ್ನು ತಾನೇ ಕಳೆದುಕೊಳ್ಳುತ್ತಾನೆ.

ದಾನವಲ್ಲದ ಪಾವತಿ

ಗಿಬ್ಸನ್ ಕಥೆಯಲ್ಲಿ ಕಹಿ ಅಧ್ಯಾಯವೂ ಇದೆ. ಅದನ್ನು ಬಿಟ್ಟು ಹೇಳಿದರೆ ಲೆಕ್ಕ ಅಪೂರ್ಣವಾಗುತ್ತದೆ. 2009 ಮತ್ತು 2011ರಲ್ಲಿ ಅಮೆರಿಕದ ಸರಕಾರವು ಆ ಕಂಪೆನಿಯ ಕಾರ್ಖಾನೆಗಳ ಮೇಲೆ ದಾಳಿ ನಡೆಸಿ ಮರದ ದಾಸ್ತಾನನ್ನು ವಶಪಡಿಸಿಕೊಂಡಿತು. ಮೊದಲ ದಾಳಿ ಮಡಗಾಸ್ಕರ್ ದ್ವೀಪದ ಕರಿಮರದ ಬಗ್ಗೆ. ಎರಡನೆಯದು ಭಾರತದಿಂದ ಹೋದ ಕರಿಮರ ಮತ್ತು ಬೀಟೆಯ ಬಗ್ಗೆ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಬೀಟೆಗೆ ಗಿಟಾರ್ ತಯಾರಕರಲ್ಲಿ ಜಗತ್ತಿನಾದ್ಯಂತ ಬೇಡಿಕೆಯಿರುವುದು ಮರದ ವ್ಯಾಪಾರಿಗಳಿಗೆ ಹೊಸ ಸುದ್ದಿಯಲ್ಲ. 2012ರ ಆಗಸ್ಟ್‌ನಲ್ಲಿ ರಾಜಿಯಾಯಿತು. ಭಾರತದ ರಫ್ತು ನಿಯಮದ ಅರ್ಥ ಸ್ಪಷ್ಟವಿಲ್ಲವೆಂದು ಎರಡನೆಯ ಭಾಗವನ್ನು ಬದಿಗಿರಿಸಲಾಯಿತು. ಮಡಗಾಸ್ಕರ್ ಮರದ ಸಂಬಂಧ ಕಂಪೆನಿಯು 3 ಲಕ್ಷ ಡಾಲರ್ ದಂಡವನ್ನೂ, ಸಂರಕ್ಷಿತ ಮರಜಾತಿಗಳ ರಕ್ಷಣೆಗಾಗಿ ವನ್ಯಜೀವಿ ಪ್ರತಿಷ್ಠಾನವೊಂದಕ್ಕೆ 50 ಸಾವಿರ ಡಾಲರ್‌ಗಳನ್ನೂ ತೆರಲು ಒಪ್ಪಿತು.

ಆ 50 ಸಾವಿರ ಡಾಲರ್‌ಗಳು ಪರಿಸರ ಕಾರ್ಯಕ್ಕೇ ಹೋದವು. ಆದರೂ ಅದು ದಾನವಲ್ಲ. ರಾಜಿಯ ಷರತ್ತಿನ ಪಾವತಿಯನ್ನು ಔದಾರ್ಯದ ಪಟ್ಟಿಗೆ ಸೇರಿಸುವ ಚಾಳಿ ಎಲ್ಲ ದೇಶಗಳ ಕಂಪೆನಿಗಳಲ್ಲಿಯೂ ಉಂಟು. ವಾರ್ಷಿಕ ವರದಿಯನ್ನು ಓದುವವನು ಇದನ್ನು ಬೇರ್ಪಡಿಸಿ ನೋಡಬೇಕು.

ಮರದ ಪ್ರಶ್ನೆಯನ್ನು ಸ್ವಯಂಪ್ರೇರಣೆಯಿಂದ ಎತ್ತಿಕೊಂಡ ಕಂಪೆನಿಯೆಂದರೆ 1974ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ಟೇಲರ್ ಗಿಟಾರ್ಸ್. 2011ರಲ್ಲಿ ಅದು ಸ್ಪೇನಿನ ಮರದ ವ್ಯಾಪಾರ ಸಂಸ್ಥೆಯೊಂದರೊಡನೆ ಸೇರಿ ಆಫ್ರಿಕದ ಕ್ಯಾಮರೂನ್‌ನಲ್ಲಿ ಕರಿಮರದ ಗರಗಸ ಕಾರ್ಖಾನೆಯೊಂದನ್ನು ಕೊಂಡಿತು. ಅಲ್ಲಿ ಹೋಗಿ ನೋಡಿದಾಗ ಸ್ಥಾಪಕ ಬಾಬ್ ಟೇಲರ್‌ಗೆ ತಿಳಿದದ್ದು ಇಷ್ಟು: ಮಾರುಕಟ್ಟೆಗೆ ಅಚ್ಚಕಪ್ಪು ಬಣ್ಣದ ಮರವೇ ಬೇಕು, ಕಡಿದ ಮೇಲಲ್ಲದೆ ಬಣ್ಣ ಗೊತ್ತಾಗದು, ಹೀಗಾಗಿ ಕಡಿದ ಹತ್ತು ಮರಗಳಲ್ಲಿ ಒಂಬತ್ತನ್ನು, ಒಳಗೆ ಕಂದು ಗೆರೆಗಳಿವೆಯೆಂಬ ಒಂದೇ ಕಾರಣಕ್ಕೆ, ಕಾಡಿನಲ್ಲಿಯೇ ಬಿಟ್ಟುಬರಲಾಗುತ್ತಿತ್ತು. ಕಂಪೆನಿಯು ಗೆರೆಯಿರುವ ಮರವನ್ನೂ ಬೆಲೆಕೊಟ್ಟು ಕೊಂಡು ತನ್ನ ಗಿಟಾರ್‌ಗಳಿಗೆ ಬಳಸತೊಡಗಿತು. 2016ರಲ್ಲಿ ಸಂಶೋಧನಾ ಸಂಸ್ಥೆಯೊಂದರ ಜೊತೆ ಕರಿಮರದ ಸಸಿಗಳನ್ನು ನೆಡುವ ಯೋಜನೆಯೂ ಆರಂಭವಾಗಿ, ಮೊದಲ ಗುರಿಯನ್ನು 15,000 ಸಸಿಗಳೆಂದು ನಿಗದಿಪಡಿಸಲಾಯಿತು. ಒಂದು ಸಸಿ ಗಿಟಾರ್‌ಗೆ ಒದಗುವಷ್ಟು ಬೆಳೆಯಲು ಹಲವು ದಶಕಗಳು ಬೇಕು. ಇದರಲ್ಲಿ ಸ್ವಾರ್ಥವಿಲ್ಲವೇ ಎಂದರೆ ಇದೆ. ಕಚ್ಚಾವಸ್ತುವೇ ಇಲ್ಲದೆ ಕಾರ್ಖಾನೆಯಿಲ್ಲ. ಸ್ವಾರ್ಥ ಬೆರೆತ ಧರ್ಮಕಾರ್ಯವು ಕೀಳೆಂದು ಹೇಳುವವರು ಅದು ಹೆಚ್ಚು ವರ್ಷ ನಡೆಯುತ್ತದೆಂಬುದನ್ನು ಮರೆಯುತ್ತಾರೆ.

ದಿವಾಳಿಯ ಪರೀಕ್ಷೆ

ಗಿಬ್ಸನ್‌ಗೆ ನಿಜವಾದ ಪರೀಕ್ಷೆ ಬಂದದ್ದು 2018ರಲ್ಲಿ. ಗಿಟಾರ್‌ನಲ್ಲಿ ಗಳಿಸಿದ ಕಂಪೆನಿಯು ಗೃಹಬಳಕೆಯ ಧ್ವನಿ ಉಪಕರಣಗಳ ವ್ಯವಹಾರಕ್ಕೆ ಕೈಹಾಕಿತ್ತು. 2014ರಲ್ಲಿ ಫಿಲಿಪ್ಸ್ ಕಂಪೆನಿಯ ಅಂತಹ ವಿಭಾಗವೊಂದನ್ನು 13.5 ಕೋಟಿ ಡಾಲರಿಗೆ ಕೊಂಡಿತ್ತು. ಸಾಲ ಬೆಳೆಯಿತು, ಹೊಸ ವ್ಯವಹಾರ ಕೈಕೊಟ್ಟಿತು. 2018ರ ಮೇ 1ರಂದು, ಸುಮಾರು 50 ಕೋಟಿ ಡಾಲರ್‌ಗಳವರೆಗಿನ ಸಾಲದ ಹೊರೆಯೊಡನೆ, ಗಿಬ್ಸನ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅದೇ ವರ್ಷದ ನವೆಂಬರ್‌ನಲ್ಲಿ ಕೆಕೆಆರ್ ಎಂಬ ಹೂಡಿಕೆ ಸಂಸ್ಥೆಯ ಮುಂದಾಳುತನದ ಸಾಲದಾತರ ಒಡೆತನದಲ್ಲಿ ಹೊರಬಂದಿತು. ಹಳೆಯ ಮುಖ್ಯಸ್ಥರ ಆಡಳಿತ ಮುಗಿಯಿತು.

ಮಾಲೀಕನ ಮರ್ಜಿಯಿಂದ, ಕಂಪೆನಿಯ ಖಾತೆಯಿಂದ ನೇರವಾಗಿ ನಡೆಯುವ ದಾನಗಳು ಇಂತಹ ಘಟ್ಟದಲ್ಲಿ ಮೊದಲು ನಿಲ್ಲುತ್ತವೆ. ಸಾಲದಾತರ ಮುಂದೆ ಕುಳಿತ ಕಂಪೆನಿಯಲ್ಲಿ ಔದಾರ್ಯಕ್ಕೆ ಖಾತೆಯಿರುವುದಿಲ್ಲ. ಆದರೆ ಇಲ್ಲಿ ಧರ್ಮಕಾರ್ಯಕ್ಕೆ 2002ರಿಂದಲೇ ಬೇರೆ ಹೆಸರು, ಬೇರೆ ಕಾನೂನು ವ್ಯಕ್ತಿತ್ವ ಇದ್ದಿತು. ಹೊಸ ಆಡಳಿತವು 2019ರಲ್ಲಿ ಪ್ರತಿಷ್ಠಾನವನ್ನು ಪುನಶ್ಚೇತನಗೊಳಿಸಿ, 1,000 ದಿನಗಳಲ್ಲಿ 1,000 ಗಿಟಾರ್‌ಗಳನ್ನು ಕೊಡುವ ಸಂಕಲ್ಪವನ್ನು ಪ್ರಕಟಿಸಿತು. ಮುಂದೆ ಅದಕ್ಕೆ ಗಿಬ್ಸನ್ ಗಿವ್ಸ್ ಎಂಬ ಹೆಸರು ಬಂದಿತು. 2020ರ ಮಾರ್ಚ್‌ನಲ್ಲಿ ನ್ಯಾಶ್‌ವಿಲ್ ಪ್ರದೇಶದಲ್ಲಿ ಸುಂಟರಗಾಳಿ ಬೀಸಿ ವಾದಕರು ಗಿಟಾರ್ ಕಳೆದುಕೊಂಡಾಗ ಬದಲಿ ಗಿಟಾರ್ ಕೊಡುವ ಕೆಲಸವನ್ನು ಈ ಸಂಸ್ಥೆ ಮಾಡಿತು. ದಿವಾಳಿಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಪ್ರತಿಷ್ಠಾನವೊಂದಿದ್ದರೆ ಸಾಕೇ, ಗಿಟಾರ್ ತಯಾರಿಸುವ ಕಂಪೆನಿ ಉಳಿಯದಿದ್ದರೆ ಪ್ರತಿಷ್ಠಾನವು ಏನನ್ನು ಕೊಟ್ಟೀತು ಎಂದು ಕೇಳಬಹುದು. ಕೇಳತಕ್ಕದ್ದೇ. ಆದರೆ ಕಂಪೆನಿ ಉಳಿದಾಗ ಕೆಲಸವನ್ನು ಪುನಃ ಹಿಡಿಯಲು ಒಂದು ಸಿದ್ಧ ಪಾತ್ರೆ ಇದ್ದಿತೆಂಬುದು ಸಣ್ಣ ಸಂಗತಿಯಲ್ಲ.

ನಮ್ಮ ಅಂಗಡಿಯ ಲೆಕ್ಕ

ನಮ್ಮ ಸದಸ್ಯರಲ್ಲಿ ಬಹುತೇಕರಿಗೆ ಕಂಪೆನಿ ಕಾಯಿದೆಯ 135ನೇ ವಿಧಿಯ ಸಾಮಾಜಿಕ ಹೊಣೆಗಾರಿಕೆಯ ಕಡ್ಡಾಯ ಅನ್ವಯಿಸುವುದಿಲ್ಲ. 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ವಿಧಿಯು 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪೆನಿಗಳಿಗೆ ರಚಿತವಾದುದು. ಆದ್ದರಿಂದ ಸಣ್ಣ ವ್ಯಾಪಾರಿಯ ದಾನವು ಈಗಲೂ ಶುದ್ಧ ಸ್ವಂತ ಇಚ್ಛೆಯದು. ಅದಕ್ಕೆ ತೆರಿಗೆಯ ಕಾನೂನು ಎಷ್ಟು ಕೈಹಿಡಿಯುತ್ತದೆಂಬುದನ್ನು ಮಾತ್ರ ಅಂಕೆಯಲ್ಲಿ ನೋಡಬಹುದು.

ವಾದ್ಯ ವ್ಯಾಪಾರಿಯೊಬ್ಬನು ತೆರಿಗೆಯ ಹೊರತಾಗಿ 20,000 ರೂಪಾಯಿಗೆ ಕೊಂಡ ಕೀಬೋರ್ಡ್ ಒಂದನ್ನು ಶಾಲೆಯ ಟ್ರಸ್ಟಿಗೆ ಕೊಟ್ಟನೆಂದು ಇಟ್ಟುಕೊಳ್ಳೋಣ. ಅದರ ಮೇಲೆ ಶೇಕಡಾ 18ರಂತೆ 3,600 ರೂಪಾಯಿ ಸರಕು ಮತ್ತು ಸೇವಾ ತೆರಿಗೆಯನ್ನು ಆತ ತೆತ್ತಿರುತ್ತಾನೆ. ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲಿನ ಹೂಡುವಳಿ ತೆರಿಗೆಯ ಜಮೆಯನ್ನು ಕಾಯಿದೆಯ 17(5)ನೇ ವಿಧಿಯು ನಿರಾಕರಿಸುತ್ತದೆ. ಆ 3,600 ರೂಪಾಯಿಯನ್ನು ಹಿಂದಿರುಗಿಸಬೇಕು. ಹೀಗೆ ದಾನದ ನಿಜವಾದ ವೆಚ್ಚ 23,600. ಕೈಯಿಂದ ತಯಾರಾದ ದೇಶೀಯ ವಾದ್ಯಗಳ ಪಟ್ಟಿಯಲ್ಲಿರುವ ವಾದ್ಯವಾದರೆ ತೆರಿಗೆಯೇ ಇಲ್ಲದ್ದರಿಂದ ಈ ತೊಡಕಿಲ್ಲ. ಇನ್ನು ಆದಾಯ ತೆರಿಗೆಯಲ್ಲಿ, 80ಜಿ ಎಂದೇ ರೂಢಿಯಲ್ಲಿರುವ ರಿಯಾಯಿತಿಯು ಹಣದ ರೂಪದ ದಾನಕ್ಕೆ ಮಾತ್ರ, ವಸ್ತುರೂಪದ ದಾನಕ್ಕಿಲ್ಲ. 2,000 ರೂಪಾಯಿಗೆ ಮೀರಿದ ನಗದಿಗೂ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಯಾವ ರೂಪದಲ್ಲಿ ಕೊಟ್ಟರೂ ಇಲ್ಲ.

ಹಾಗಾದರೆ ಟ್ರಸ್ಟಿಗೆ ಚೆಕ್ ಕೊಟ್ಟು, ಅದೇ ಹಣದಿಂದ ತನ್ನ ಅಂಗಡಿಯಲ್ಲಿಯೇ ಕೀಬೋರ್ಡ್ ಕೊಳ್ಳಿರೆಂದು ಹೇಳಿದರೆ? ಈ ಉಪಾಯವನ್ನು ಸೂಚಿಸುವವರು ಇದ್ದಾರೆ. ಇದು ಜಾಣತನವಾಗಿ ಕಂಡರೂ ವಿವೇಕವಲ್ಲ. ಷರತ್ತಿನೊಡನೆ ಕೊಟ್ಟು ಮಾರಾಟವಾಗಿ ಮರಳಿ ಪಡೆದ ಹಣವನ್ನು ದಾನವೆಂದು ಸಾಧಿಸುವುದು ಅಧಿಕಾರಿಯ ಮುಂದೆ ಸುಲಭವಲ್ಲ. ಟ್ರಸ್ಟ್ ತನಗೆ ಬೇಕಾದಲ್ಲಿ ಕೊಳ್ಳಲು ನಿಜವಾಗಿಯೂ ಸ್ವತಂತ್ರವಾಗಿರಬೇಕು.

ಇವೆಲ್ಲವನ್ನು ಕೂಡಿಸಿ ಕಳೆದು ನೋಡಿದರೆ, ಸಣ್ಣ ವಾದ್ಯ ವ್ಯಾಪಾರಿಗೆ ಹೆಚ್ಚು ಒಪ್ಪುವ ದಾನವು ಹೊಸ ವಾದ್ಯವಲ್ಲ, ಹಳೆಯದರ ದುರಸ್ತಿ. ಇದಕ್ಕೂ ವಾದ್ಯೋದ್ಯಮದ ಇತಿಹಾಸದಲ್ಲಿ ಆಧಾರವಿದೆ. ಇಂದಿನ ಯಮಹಾ ಕಂಪೆನಿಯ ಮೂಲಪುರುಷ ತೊರಕುಸು ಯಮಹಾ 1887ರಲ್ಲಿ ಜಪಾನಿನ ಹಮಾಮತ್ಸು ಪಟ್ಟಣದ ಪ್ರಾಥಮಿಕ ಶಾಲೆಯಲ್ಲಿ ಕೆಟ್ಟುನಿಂತಿದ್ದ ರೀಡ್ ಆರ್ಗನ್ ಒಂದನ್ನು ದುರಸ್ತಿ ಮಾಡಲು ಹೋದವನು. ಅದರ ಒಳರಚನೆಯನ್ನು ಕಂಡು ತಾನೇ ತಯಾರಿಸಲು ತೊಡಗಿದನು. ಮೊದಲ ಆರ್ಗನನ್ನು ಸಂಗಡಿಗನೊಡನೆ ಹೆಗಲ ಮೇಲೆ ಹೊತ್ತು ಪರ್ವತ ದಾಟಿ ಟೋಕಿಯೋದ ಸಂಗೀತ ಸಂಸ್ಥೆಗೆ ಒಯ್ದರೆ, ಶ್ರುತಿ ಸರಿಯಿಲ್ಲವೆಂಬ ಉತ್ತರ ದೊರೆಯಿತು. ಶ್ರುತಿ ಮಾಡುವ ವಿದ್ಯೆಯನ್ನು ಕಲಿತು ಎರಡನೆಯದನ್ನು ತಯಾರಿಸಿದನು. ಆ ಕಂಪೆನಿಯು 2015ರಲ್ಲಿ ಆರಂಭಿಸಿದ ಶಾಲಾ ಯೋಜನೆ ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಹಬ್ಬಿತು. ಅದು ವಾದ್ಯದ ಜೊತೆಗೆ ಕಲಿಸುವ ವ್ಯವಸ್ಥೆಯನ್ನೂ ಒದಗಿಸುತ್ತದೆ.

ಕರಾವಳಿಯ ತೇವದಲ್ಲಿ ಹಾರ್ಮೋನಿಯಂ, ತಬಲಾ, ಮೃದಂಗಗಳು ಬಯಲುಸೀಮೆಗಿಂತ ಬೇಗ ಕೆಡುತ್ತವೆ. ಮಳೆಗಾಲ ಮುಗಿದ ಅಕ್ಟೋಬರ್‌ನಲ್ಲಿ ಒಮ್ಮೆ, ಶಾಲೆ ತೆರೆಯುವ ಮುನ್ನ ಮೇ ತಿಂಗಳಲ್ಲಿ ಒಮ್ಮೆ, ಸುತ್ತಮುತ್ತಲಿನ ಐದಾರು ಶಾಲೆಗಳ ವಾದ್ಯಗಳನ್ನು ತರಿಸಿ ಸರಿಪಡಿಸಿಕೊಡಲು ಅಂಗಡಿಯ ಕೆಲಸಗಾರನ ಕೆಲವು ದಿನಗಳ ಸಂಬಳ, ಒಂದಿಷ್ಟು ಚರ್ಮ, ರೀಡು, ಅಂಟು ಸಾಕು. ಸಂಬಳವು ಹೇಗೂ ವ್ಯವಹಾರದ ಖರ್ಚೇ. ಬಿಡಿಭಾಗಗಳ ಪಟ್ಟಿಯನ್ನು ಮಾತ್ರ ಪ್ರತ್ಯೇಕ ಪುಟದಲ್ಲಿ, ಶಾಲೆಯ ಹೆಸರು ಮತ್ತು ದಿನಾಂಕದೊಡನೆ ಬರೆದಿಡಬೇಕು.